ಬಸಲಿಂಗವ್ವನ ಫೈಲಿನಲ್ಲಿ ಉಳಿದ ಸಲಹೆ

ಗದಗ, ೨೧೨೧, ಹದಿಮೂರನೆಯ ತಿಂಗಳ ನಾಲ್ಕು

ಪ್ರೀತಿಯ ಮುತ್ತಜ್ಜಿ ಜಯಶೀಲಾ ಅವರಿಗೆ, ನಿಮ್ಮ ಮರಿಮಗಳು ಚಿತ್ಕಳಾ ಮಾಡುವ ನಮಸ್ಕಾರಗಳು.

ತಿಂಗಳು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ವರ್ಷಕ್ಕೆ ಹದಿಮೂರು. ನನ್ನ ಕನ್ನಡವೂ ವಿಚಿತ್ರ ಎನಿಸಿದರೆ ಕ್ಷಮಿಸಿ. ನೂರು ವರ್ಷ ಹಿಂದಕ್ಕೆ ಸಾಗುವ ಈ ಪತ್ರವನ್ನು ಓದುವಾಗ ನೀವು ವೃದ್ಧರ ಆರೈಕೆ ಕೇಂದ್ರದಲ್ಲಿ ಇಪ್ಪತ್ತೇಳರ ನರ್ಸು, ನನಗೋ ಐವತ್ತೊಂದು. ಅಜ್ಜಿ ಎಂದರೆ ನಿಮಗೆ ಸಿಟ್ಟು ಬಂದೀತು, ಆದರೂ ನಾನು ಬಿಡುವವಳಲ್ಲ.

ನನ್ನ ಕೆಲಸದ ಹೆಸರು ಮರುನುಡಿ. ತಜ್ಞರು ಬರೆದ ಔಷಧಿ ಸಲಹೆಯನ್ನು ಆರೈಕೆ ಕೇಂದ್ರದ ವೈದ್ಯರಿಗೆ ಓದಿ ಹೇಳುತ್ತೇನೆ. ಅವರು ರೋಗಿಯ ಪಕ್ಕದಲ್ಲೇ ಕೂತು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಪ್ಪಿಗೆಯೋ ಇಲ್ಲವೋ, ಏಕೆ ಎಂದೂ ತಿಳಿಸಬೇಕು. ಅಲ್ಲಿಯವರೆಗೆ ನಾನು ಎದ್ದು ಹೋಗುವಂತಿಲ್ಲ. ಹಾಗಾಗಿ ಪ್ರತಿ ಕೇಂದ್ರದಲ್ಲೂ ನನಗೆಂದೇ ಒಂದು ಕುರ್ಚಿ, ಒಂದು ಚಹದ ಲೋಟ ಇವೆ. ಮುಳಗುಂದದ ವೈದ್ಯರಂತೂ ನನ್ನನ್ನು ಕಂಡೊಡನೆ, “ಬಂದ್ರು ನೋಡ್ರಿ, ಇನ್ನ ಹೇಳಿ ಮುಗಿಸೂತನಕಾ ಬಿಡಂಗಿಲ್ಲ ಇವರು” ಎಂದು ನಕ್ಕು ತಿನ್ನಲು ಗಿರ್ಮಿಟ್ ತರಿಸುತ್ತಾರೆ.

ಈ ಪದ್ಧತಿ ಹುಟ್ಟಿದ್ದು ನಿಮ್ಮಿಂದ. ನಿಮ್ಮ ದಿನಚರಿ ನನ್ನ ಬಳಿ ಇದೆ. ನಿಮ್ಮ ಕೇಂದ್ರದಲ್ಲಿದ್ದ ಬಸಲಿಂಗವ್ವ ಹಗಲಲ್ಲೂ ಮಂಪರಿನಲ್ಲಿ ತೂರಾಡುತ್ತಿದ್ದರು; ಎಲ್ಲರೂ ವಯಸ್ಸಾಯಿತು ಎಂದುಕೊಂಡರು. ಹುಬ್ಬಳ್ಳಿಯ ತಜ್ಞೆ, ನಿದ್ದೆಗುಳಿಗೆಯನ್ನು ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸುವುದನ್ನು ‘ಪರಿಶೀಲಿಸಬಹುದು’ ಎಂದು ವಿನಯದಿಂದ ಬರೆದರು. ನೀವು ಆ ಪತ್ರವನ್ನು ಫೈಲಿಗೆ ಸೇರಿಸಿ, ‘ವೈದ್ಯರಿಗೆ ತಿಳಿಸಲಾಗಿದೆ’ ಎಂದು ಗುರುತು ಹಾಕಿದಿರಿ. ಗುರುವಾರಕ್ಕೊಮ್ಮೆ ಬರುವ ಡಾಕ್ಟರ್ ಹಂಚಿನಾಳರು ನಿಂತಲ್ಲೇ ನಲವತ್ತು ಫೈಲುಗಳಿಗೆ ಸಹಿ ಹಾಕಿ ಹೊರಟರು, ಪತ್ರ ನೋಡಲಿಲ್ಲ. “ದೊಡ್ಡವರ ನಡುವ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ಮನಾದೆ” ಎಂದು ಬರೆದಿದ್ದೀರಿ. ಭಾನುವಾರ ಬಸಲಿಂಗವ್ವ ಬಚ್ಚಲಲ್ಲಿ ಬಿದ್ದರು. ಮತ್ತೆ ಏಳಲಿಲ್ಲ. ಆ ಕೊರಗಿನಲ್ಲೇ ನೀವು ಉಳಿದ ಆಯುಸ್ಸಿಡೀ ಊರೂರು ಅಲೆದು ಮರುನುಡಿಯನ್ನು ಕಲಿಸಿದಿರಿ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಅಜ್ಜಿ. ಆ ಪುಟ ಓದುವಾಗಲೆಲ್ಲ ನಿಮ್ಮನ್ನು ತಬ್ಬಿಕೊಳ್ಳಬೇಕು ಎನಿಸುತ್ತದೆ.

ಈ ಪತ್ರ ಆ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರವೇ ನಿಮ್ಮ ಕೈಸೇರುವಂತೆ ಕಳುಹಿಸುತ್ತಿದ್ದೇನೆ. ಡಾಕ್ಟರಿಗೆ ಈಗಲೇ ಫೋನು ಮಾಡಿ. ಬೈದರೆ ಬೈಸಿಕೊಳ್ಳಿ. ತಜ್ಞೆ ಬರೆದದ್ದನ್ನು ಪೂರ್ತಿ ಓದಿ ಹೇಳಿ. ಅವರು ತಿರುಗಿ ಹೇಳುವವರೆಗೆ ಫೋನು ಇಡಬೇಡಿ. ಮಂಪರು ಇಳಿಯುವವರೆಗೆ ಬಸಲಿಂಗವ್ವನನ್ನು ಬಚ್ಚಲಿಗೆ ಕೈಹಿಡಿದೇ ಕರೆದೊಯ್ಯಿರಿ.

ಅವರು ಬೀಳದಿದ್ದರೆ ನಿಮಗೆ ಆ ಕೊರಗಿರುವುದಿಲ್ಲ, ನೀವು ಊರೂರು ಅಲೆಯುವುದಿಲ್ಲ, ನನಗೆ ಈ ಕೆಲಸವೂ ಇರುವುದಿಲ್ಲ. ಇದು ನನಗೆ ಜೀವದಷ್ಟು ಇಷ್ಟದ ಕೆಲಸ. ಆದರೂ ಹೋದರೆ ಹೋಗಲಿ. ನೀವು ಫೋನು ಮಾಡಿ.