ಇಪ್ಪತ್ತೇಳನೆಯ ಮುಖ

ಗ್ರಾಡಿನಾ, ನವೆಂಬರ್ ೩

ಪ್ರೀತಿಯ ದುನ್ಯಾಳಿಗೆ ಚಿಕ್ಕಪ್ಪ ವುಕೋಮಾನ್ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು, ಕೋಪ ಬೇಡ. ಇದು ಪ್ಲಮ್ ಹಣ್ಣಿನ ಸಾರಾಯಿ, ನಮ್ಮ ರಾಕಿಯಾ, ಇಳಿಸುವ ಕಾಲ. ಮೂರು ಊರಿನವರಿಗೆ ನನ್ನ ಕೈಯದೇ ಬೇಕು. ನಿಜ ಹೇಳಲೇ? ನೀನು ಕೇಳಿದ್ದಕ್ಕೆ ಉತ್ತರ ಬರೆದರೆ ಇನ್ನು ನನ್ನ ಹೊಸ್ತಿಲು ತುಳಿಯುತ್ತೀಯೋ ಇಲ್ಲವೋ ಎಂದು ಹೆದರಿ, ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ಬೆಲ್‌ಗ್ರೇಡಿನ ನಿನ್ನ ಯಂತ್ರದ ಸುದ್ದಿ ಊರಿಗೆಲ್ಲ ಸಾರಿದ್ದೇನೆ. "ನನ್ನ ತಲೆಯೊಳಗೆ ಏನಿದೆ ಅಂತ ನೋಡೋಕೇ ಅಷ್ಟು ದೊಡ್ಡ ಯಂತ್ರ ತರಿಸಿದಾರೆ" ಎಂದೆ. ನಿನ್ನ ಚಿಕ್ಕಮ್ಮ, "ಏನಾದ್ರೂ ಸಿಕ್ತಂತಾ?" ಎಂದಳು!

ಕೊಳವೆಯಲ್ಲಿ ಮಲಗಿಸಿ, ನನ್ನ ಬಗ್ಗೆ ನಾನು ಬರೆದುಕೊಟ್ಟದ್ದನ್ನು ಅಪರಿಚಿತರು ಓದಿದ್ದಾರೆಂದು ಹೇಳಿ, ಒಬ್ಬೊಬ್ಬರ ಮುಖ ತೋರಿಸಿದೆಯಲ್ಲ. ಮೆಚ್ಚಿದರೆ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಕೆಳಗೆ. ನನ್ನ ಬಗ್ಗೆ ನನಗೇ ಎಷ್ಟು ಒಳ್ಳೆಯದೆನಿಸುತ್ತಿದೆಯೆಂದು ಆಗಾಗ ಗುಂಡಿ ಒತ್ತಬೇಕು. ಎಲ್ಲರೂ ಮೆಚ್ಚುತ್ತಾರೆಂದೇ ಹೋದವನು ನಾನು. ಕೆಂಪು ಕೂದಲಿನ ಹುಡುಗಿಯೊಬ್ಬಳ ಬೆರಳು ಕೆಳಗಾದಾಗ ಕುಗ್ಗಿಹೋದೆ. "ಬೇಡ ಅಂದಿದ್ದಕ್ಕಷ್ಟೇ ಅಲ್ಲ ಚಿಕ್ಕಪ್ಪಾ, ಅಂದುಕೊಂಡಿದ್ದಕ್ಕಿಂತ ಕಡಿಮೆ ಸಿಕ್ತಲ್ಲ, ಅದಕ್ಕೇ ಕುಸಿದ್ರಿ. ಏನೂ ಸಿಗಲ್ಲ ಅಂದುಕೊಂಡ ಕಡೆಯಿಂದ ಸಿಕ್ರೆ ಮಿದುಳು ಹಾರಾಡುತ್ತೆ" ಎಂದೆ ನೀನು. ಆಮೇಲೆ ನನ್ನ ಮಿದುಳಿನ ಏರಿಳಿತದ ಗೆರೆ ತೋರಿಸಿ, "ಇಪ್ಪತ್ತೇಳನೇ ಮುಖಕ್ಕೆ ಇಷ್ಟು ಮೇಲೆ ಯಾಕೆ ಹೋಯ್ತು?" ಎಂದು ಕೇಳಿದೆ. ಕೆಮ್ಮು ಬಂತೆಂದು ನಾನು ಸುಳ್ಳು ಹೇಳಿದೆ. ಅದನ್ನೇ ಕಾಗದದಲ್ಲೂ ಕೇಳಿದ್ದೀಯ. ಆ ಮುಖ ಈಗ ಹಗಲಿನಲ್ಲೂ ಬರುತ್ತದೆ. ಬಾವಿಗೆ ಬಗ್ಗಿ ನೋಡಿದರೆ ನನಗಿಂತ ಮುಂಚೆ ಅದೇ ಬಗ್ಗಿರುತ್ತದೆ.

ಇಪ್ಪತ್ತೊಂದಕ್ಕೆ ನಮ್ಮ ಮನೆಯ ಸಂತನ ಹಬ್ಬ. ಅದಕ್ಕೆ ಯಾರನ್ನೂ ಕರೆಯುವ ರೂಢಿಯಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವುದೂ ಇಲ್ಲ. ಹಾಗಾಗಿ ಕರೆಯುತ್ತಿಲ್ಲ, ದಾರಿ ನೋಡುತ್ತೇನೆ. ಕಣ್ಣು, ಕೈ, ಬುದ್ಧಿ ಎಲ್ಲವೂ ಚುರುಕಾಗಿದ್ದು ನೂರು ವರ್ಷ ಬಾಳು.

ನಿನ್ನ ಚಿಕ್ಕಪ್ಪ,
ವುಕೋಮಾನ್

ಕಾಗದ ಮಡಿಸಿದ ಮೇಲೆ:

ಆ ಇಪ್ಪತ್ತೇಳನೆಯವನು ನಿನ್ನ ಅಪ್ಪನ ಹಾಗೇ ಇದ್ದ. ನೀನು ತೊಟ್ಟಿಲಲ್ಲಿದ್ದ ವರ್ಷ ನಿನ್ನ ಅಪ್ಪ, ನಮ್ಮ ಓಬ್ರಾದ್ ಅಣ್ಣ, ಊರ ಮುಖಂಡನ ವಿರುದ್ಧ ಸಾಕ್ಷಿ ಹೇಳಿದ್ದ. ಊರಿಗೆ ಊರೇ ಅವನೊಡನೆ ಮಾತು ಬಿಟ್ಟಿತ್ತು. ಇದೇ ಹಬ್ಬದ ದಿನ ನಮ್ಮ ಮನೆಗೆ ಬಂದ. ಮೇಜಿನ ತುಂಬ ಜನ. ಅವರೆಲ್ಲ ನನ್ನನ್ನು ಮೆಚ್ಚಲಿ ಎಂದು, "ನಿನ್ನನ್ನ ಕರೆದೋರು ಯಾರಪ್ಪಾ?" ಎಂದೆ. ಮನೆಯೆಲ್ಲ ನಗು. ಅಣ್ಣ ಟೋಪಿ ಹಾಕಿಕೊಂಡು, "ತಪ್ಪಾಯ್ತು ತಮ್ಮಾ, ನಮ್ಮನೆ ಅಂದ್ಕೊಂಡಿದ್ದೆ" ಎಂದು ಹೊರಟುಹೋದ. ಫೆಬ್ರವರಿಯಲ್ಲಿ ಅವನನ್ನು ಮಣ್ಣು ಮಾಡಿದೆವು.

ನಿನ್ನ ಯಂತ್ರದಲ್ಲಿ ಅವನ ಬೆರಳು ಮೇಲಕ್ಕೆ ಹೋಯಿತು, ದುನ್ಯಾ. ಕೊನೆಗೆ ನನಗೆ ಕೋಟು ತೊಡಿಸುತ್ತಾ ನೀನು ಹೇಳಿದೆ, ಆ ಮುಖಗಳವರು ಯಾರೂ ಏನನ್ನೂ ಓದಿರಲಿಲ್ಲ, ಬೆರಳುಗಳನ್ನೆಲ್ಲ ಕಂಪ್ಯೂಟರೇ ಎತ್ತಿ ಇಳಿಸಿದ್ದು ಎಂದು. ಅದೊಂದನ್ನು ಹೇಳಬಾರದಿತ್ತು, ಮಗಳೇ.