ಹೆಣ ಸೀನಬಾರದು

ಪರಮಪೂಜ್ಯ ಅಕ್ಕನ ಪಾದಗಳಿಗೆ ತಮ್ಮನ ಉದ್ದಂಡ ನಮಸ್ಕಾರ.

ಇಲ್ಲಿ ಒಪೆರಾ ಎಂಬ ಹಾಡುನಾಟಕವೊಂದರ ಚಿತ್ರೀಕರಣ. ವಂಚಕನೊಬ್ಬನ ಮೋಹಕ್ಕೆ ಸಿಕ್ಕ ನಾಯಕಿ, ಅವನ ಕೈಯಲ್ಲಿ ಕೊಲೆಯಾದ ತನ್ನ ನಿಜವಾದ ಪ್ರೇಮಿಯನ್ನು ಮಡಿಲಲ್ಲಿಟ್ಟುಕೊಂಡು ಹಾಡುತ್ತಾಳೆ. ಪ್ರೇಮಿಯ ಪಾತ್ರಧಾರಿಗೆ ಹಾಡಿದ ಮೇಲೆ ಏದುಸಿರು ನಿಲ್ಲದ್ದರಿಂದ, ಅವನ ಹೆಣವಾಗುವ ಭಾಗ್ಯ ನನಗೊಲಿದಿದೆ. ಅಲುಗಿದರೆ ಕೆಲಸ ಹೋದಂತೆಯೇ. ಇಂದು ಕ್ಯಾಮೆರಾ ಹತ್ತಿರ ಬಂದಾಗಲೇ, ಚೆನ್ನಾಗಿ ಸತ್ತಂತೆ ಕಾಣಲೆಂದು ನಾನೇ ಬಳಿದುಕೊಂಡ ಪೌಡರು ಮೂಗಿಗೇರಿತು. ಮೂಗು ಅದುರಿದ್ದು ಕಂಡ ನಾಯಕಿ, ಹಾಡು ನಿಲ್ಲಿಸದೆ, ನನ್ನ ಮುಖವನ್ನು ಎದೆಗೆ ಅದುಮಿಕೊಂಡಳು. ಕಣ್ಣು ಕತ್ತಲಿಟ್ಟಿತು, ಸೀನು ಅಡಗಿತು.

"ಆಹಾ, ಎಂಥಾ ಪ್ರೀತಿ! ಇನ್ನೊಂದ್ಸಲ ಹಾಗೇ ಅಪ್ಕೊಳ್ಳಮ್ಮ," ಎಂದರು ನಿರ್ದೇಶಕರು.

"ಈ ಸಲ ಸೀನಿದ್ರೆ ನಿಜವಾಗ್ಲೂ ಸಾಯಿಸ್ತೀನಿ ಕಣೋ," ಎಂದು ಆಕೆ ನನ್ನ ಕಿವಿಯಲ್ಲಿ ಉಸುರಿದಳು.

ಪೌಡರು ಇನ್ನೂ ಮೂಗಿನಲ್ಲೇ ಇದೆ, ಉಳಿದಂತೆ ಕ್ಷೇಮ. ಅಮ್ಮನಿಗೆ ನಟನೆ ಎಂದಷ್ಟೇ ಹೇಳು. ಕರೆಯುತ್ತಿದ್ದಾರೆ, ಸಾಯಲು ಹೊರಟೆ.

ನಿನ್ನ ತಮ್ಮ