ಕುಡಿದ ಕಪಾಟು

ವರ್ಕ್‌ಶಾಪಿನ ಮೇಲಿನ ಮನೆ,
ಮಾರ್ಚ್ 9, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮಗನೇ,

ಹೇಗಿದ್ದೀಯ? ಮೊದಲು ನಿದ್ದೆಯ ವಿಷಯ ಹೇಳು. ಗುರುವಾರ ಫೋನಿನಲ್ಲಿ "ಈಗ ರಾತ್ರಿಯೆಲ್ಲಾ ಚೆನ್ನಾಗಿ ನಿದ್ದೆ ಬರುತ್ತಮ್ಮಾ" ಅಂದೆಯಲ್ಲ, ಆ ಖುಷಿಗೆ ನಾನು ಸಂಜೆ ಒಂದು ಟೀ ಹೆಚ್ಚಿಗೆ ಕುಡಿದು ನನ್ನ ನಿದ್ದೆ ಕೆಡಿಸಿಕೊಂಡೆ. ಕೈ ನಡುಗುವುದು ಪೂರ್ತಿ ನಿಂತಿತೇ? ಬೆಳಿಗ್ಗೆ ತೋಟದಲ್ಲಿ ನಡೆಯುತ್ತೀಯಾ, ಅಥವಾ ಡಾಕ್ಟರು ನೋಡುವಾಗ ಮಾತ್ರ ನಡೆಯುತ್ತೀಯಾ? ಚಿಕಿತ್ಸಾ ಕೇಂದ್ರದ ಸೂಪ್ ಬರೀ ನೀರು ಎಂದು ದೂರುತ್ತಿದ್ದೆ. ನನ್ನ ಅಡುಗೆಯನ್ನು ನೀನು ಯಾವತ್ತು ಹೊಗಳಿದ್ದೀಯ ಹೇಳು, ಸುಮ್ಮನೆ ಕುಡಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪ ಚೆನ್ನಾಗಿದ್ದಾರೆ, ಅಂದರೆ ಎಂದಿನ ಹಾಗೆ ಎಲ್ಲರ ಮೇಲೂ ರೇಗಾಡಿಕೊಂಡು ಇದ್ದಾರೆ.

ವಾರಕ್ಕೊಂದು ಸಲ ಐದು ನಿಮಿಷ ಫೋನು ಕೊಡುತ್ತಾರೆ, ಅದರಲ್ಲಿ ಅರ್ಧ "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಎನ್ನುವುದಕ್ಕೇ ಹೋಗುತ್ತದೆ. ಅದಕ್ಕೇ ಈ ಕಾಗದ. ಮುಂದಿನ ವಾರ ನಿನ್ನನ್ನು ಮನೆಗೆ ಬಿಡುತ್ತಾರೆಂದು ನಾನು ಕುಣಿಯುತ್ತಿರುವಾಗ ನೀನು "ಅಮ್ಮಾ, ನಾನು ವರ್ಕ್‌ಶಾಪಿಗೆ ವಾಪಸ್ ಬರಲ್ಲ. ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿಡೋ ಕೆಲಸ ಸಿಕ್ಕಿದೆ. ಆ ಶನಿವಾರದ ಮೇಜಿನ ಮುಂದೆ ನಿಂತ್ರೆ ನಾನು ಉಳಿಯಲ್ಲ" ಅಂದೆ. ಅಷ್ಟರಲ್ಲಿ ಸಮಯವಾಯಿತೆಂದು ಕಟ್ ಆಯಿತು. ನಿಮ್ಮಪ್ಪನಿಗೆ ಗೋಡೌನಿನ ವಿಷಯ ಹೇಳಿದೆ, ಶನಿವಾರದ್ದು ಹೇಳಲು ಬಾಯಿ ಬರಲಿಲ್ಲ. ಅವರು "ಮರದ ಕೆಲಸ ಅವನಿಗೆ ಕೀಳಾಯ್ತು ಅನ್ನು" ಎಂದು ಮುಖ ಊದಿಸಿಕೊಂಡು ಕೆಳಗೆ ಹೋದರು. ಈ ಮೂರು ತಿಂಗಳಲ್ಲಿ ಒಮ್ಮೆಯೂ ನಿನ್ನನ್ನು ನೋಡಲು ಬರದ ಮನುಷ್ಯ. ಪ್ರತಿ ಭಾನುವಾರ ನಾನು ಚೀಲ ಹಿಡಿದು ಹೊರಟಾಗ ಅವರಿಗೆ ಏನಾದರೊಂದು ಗರಗಸ ಮಸೆಯುವುದು ಇದ್ದೇ ಇರುತ್ತಿತ್ತು.

ಈಗ ನಡೆದದ್ದನ್ನು ಕೇಳು. ಶನಿವಾರದ ಪದ್ಧತಿ ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನ ತಮಾಷೆ ಸರಿಯಾಗಿ ಕೂರುವುದಿಲ್ಲ. ವಾರದ ಕೆಲಸ ಮುಗಿದು ಮರದ ಹೊಟ್ಟು ಗುಡಿಸಿದ ಮೇಲೆ ನಿಮ್ಮಪ್ಪ ದೊಡ್ಡ ಮೇಜಿನ ಮೇಲೆ ಬಾಟಲಿ ಇಡಬೇಕು. ಮೊದಲ ಗ್ಲಾಸು ಎಲ್ಲರಿಗಿಂತ ಚಿಕ್ಕವರಿಗೆ, ಮೇಸ್ತ್ರಿಯ ಕೈಯಿಂದಲೇ. ಅದು ಬರಿದಾಗುವವರೆಗೆ ಬೇರೆ ಯಾರೂ ಗ್ಲಾಸು ಮುಟ್ಟುವಂತಿಲ್ಲ. ನಿಮ್ಮಪ್ಪನಿಗೆ ಕೆಲಸ ಕಲಿಸಿದ ಮೇಸ್ತ್ರಿ ಮಾಡಿದ ಕಾನೂನು ಅದು, ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ. ನಿನ್ನ ನಂತರ ಯಾರೂ ಸೇರದೆ ಹೋದದ್ದರಿಂದ ಹದಿನೇಳನೇ ವಯಸ್ಸಿನಿಂದ ಮೂವತ್ತೊಂದರವರೆಗೂ ಆ ಚಿಕ್ಕವನು ನೀನೇ ಆಗಿ ಉಳಿದೆ. ಉಳಿದವರಿಗೆಲ್ಲ ಗಂಟಲು ಒಣಗಿರುತ್ತಿತ್ತು, ನಿನ್ನ ಕೈ ನೋಡುತ್ತಾ ನಿಂತಿರುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

ನೀನು ಹೋದ ಮೇಲೆ ಹಳಬರಿಬ್ಬರೂ ವಯಸ್ಸಾಯಿತೆಂದು ಬಿಟ್ಟರು. ಹೊಸದಾಗಿ ಇಬ್ಬರು ಬಂದಿದ್ದಾರೆ. ಒಬ್ಬ ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಉದ್ದದವನು, ಅವನನ್ನು ನಾವು ಉದ್ದಣ್ಣ ಅನ್ನುತ್ತೇವೆ. ಇನ್ನೊಬ್ಬಳು ನಿನ್ನ ಜಾಗದಲ್ಲಿ ಪಾಲಿಶ್ ಮಾಡುವ ಹುಡುಗಿ. ಇಪ್ಪತ್ತು ವರ್ಷ, ಗುಬ್ಬಿಯಷ್ಟು ಇದ್ದಾಳೆ, ಹಾಗಾಗಿ ಗುಬ್ಬಿ. ಅವಳು ಸೇರಿದ ಮೊದಲ ಶನಿವಾರ ನಿಮ್ಮಪ್ಪ ಗಂಭೀರವಾಗಿ ಬಾಟಲಿ ತಂದಿಟ್ಟು, ಗ್ಲಾಸು ತುಂಬಿಸಿ ಅವಳ ಮುಂದೆ ಹಿಡಿದರು. ಅವಳು ಕೈ ಒರೆಸಿಕೊಳ್ಳುತ್ತಾ "ಬೇಡ ಮೇಸ್ತ್ರೀ, ಥ್ಯಾಂಕ್ಸ್" ಅಂದಳು. ಯಾರೋ ಬಿಸ್ಕತ್ತು ಕೊಡಲು ಬಂದಾಗ ಹೇಳುತ್ತೇವಲ್ಲ, ಅಷ್ಟೇ ಸಲೀಸಾಗಿ. ನಿಮ್ಮಪ್ಪ "ಯಾಕೆ? ಮೈ ಹುಷಾರಿಲ್ವಾ?" ಅಂದರು. ಇಲ್ಲ. "ಮನೇಲಿ ಬೈತಾರಾ?" ಇಲ್ಲ. "ಮಾತ್ರೆ ಏನಾದ್ರೂ ತಗೊಳ್ತಿದ್ದೀಯಾ?" ಅದೂ ಇಲ್ಲ. "ಮತ್ತೆ ಯಾಕೆ?" ಪಾಪ, ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಬೇಡ ಅನ್ಸ್ತು" ಅಂದಳು. ನಿಮ್ಮಪ್ಪ ತುಂಬಿದ ಗ್ಲಾಸು ಹಿಡಿದುಕೊಂಡು ಉದ್ದಣ್ಣನ ಕಡೆ ತಿರುಗಿದರೆ, ಅವನು "ಚಿಕ್ಕವರು ಮುಟ್ಟದೆ ನಾವು ಮುಟ್ಟೋ ಹಾಗಿಲ್ಲವಲ್ಲ ಸರ್, ಕಾನೂನು ಕಾನೂನೇ" ಎಂದು ಸೈಕಲ್ ಹತ್ತಿದ. ತಮ್ಮದೇ ಕಾನೂನಿನಲ್ಲಿ ನಿಮ್ಮಪ್ಪ ಸಿಕ್ಕಿಹಾಕಿಕೊಂಡ ಆ ಮುಖ ನೀನು ನೋಡಬೇಕಿತ್ತು ಕಣೋ.

ಇವರೇನು ಸನ್ಯಾಸಿಗಳು ಎಂದುಕೊಳ್ಳಬೇಡ. ಉದ್ದಣ್ಣ ಅಕ್ಕನ ಮದುವೆಯಲ್ಲಿ ಒಂದು ಬಿಯರ್ ತೆಗೆದುಕೊಂಡನಂತೆ, ಅರ್ಧ ಕುಡಿದು ಉಳಿದದ್ದನ್ನು ಅಲ್ಲೇ ಇಟ್ಟು ಕುಣಿಯಲು ಹೋದನಂತೆ. ಅರ್ಧ ಗ್ಲಾಸು ಬಿಟ್ಟು ಎದ್ದುಹೋಗುವವರನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ಗೆಳೆಯರ ಜೊತೆ ಬೆಟ್ಟ ಹತ್ತಬೇಕು, ತಲೆ ಭಾರವಾದರೆ ಹಿಂದೆ ಬೀಳುತ್ತೇನೆ ಅನ್ನುವುದು ಅವನ ಲೆಕ್ಕ. ಗುಬ್ಬಿಗೆ ಅದರ ರುಚಿಯೇ ಸೇರುವುದಿಲ್ಲ. ಜೊತೆಗೆ, ಕುಡಿದು ಏನಾದರೂ ಎಡವಟ್ಟು ಮಾಡಿದರೆ ಮಾರನೇ ದಿನ ಎಲ್ಲರ ಫೋನಿನಲ್ಲೂ ಓಡಾಡುತ್ತಿರುತ್ತದೆ, ಆ ಗ್ರಹಚಾರ ಯಾರಿಗೆ ಬೇಕು ಅನ್ನುತ್ತಾಳೆ. ಅವಳ ಗೆಳತಿಯರಲ್ಲಿ ಕುಡಿಯುವವರೂ ಇದ್ದಾರೆ, ಕುಡಿಯದವರೂ ಇದ್ದಾರೆ, ಒಂದೇ ಮೇಜಿನಲ್ಲಿ ಕೂರುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ನನಗೆ ಬೆರಗಾದದ್ದು ಅದೇ. ನಮ್ಮ ಕಾಲದಲ್ಲಿ ಬೇಡ ಅನ್ನಲು ಕಾರಣ ಬೇಕಿತ್ತು, ಅದೂ ಡಾಕ್ಟರು ಬರೆದುಕೊಟ್ಟ ಕಾರಣ.

ಅದಾದ ಮೇಲೆ ನಿಮ್ಮಪ್ಪನಿಗೆ ಹಟ ಹಿಡಿಯಿತು. ಪ್ರತಿ ಶನಿವಾರ ಬಾಟಲಿ ಇಡುವುದು, ಗುಬ್ಬಿ ಬೇಡ ಅನ್ನುವುದು, ಅವರಿಬ್ಬರೂ ಹೊರಟ ಮೇಲೆ ಇವರೊಬ್ಬರೇ ಬಾಗಿಲು ಮುಂದೆ ಮಾಡಿಕೊಂಡು ಕೂರುವುದು. "ಪದ್ಧತಿ ಬಿಡೋಕಾಗಲ್ಲ, ನನ್ನ ಪಾಲು ಮುಗಿಸಿ ಬರ್ತೀನಿ" ಎಂದು ನನ್ನನ್ನು ಮೇಲಕ್ಕೆ ಅಟ್ಟುತ್ತಿದ್ದರು. ನಾನು ಮಾರನೇ ದಿನ ಹೋಗಿ ನೋಡಿದರೆ ಬಾಟಲಿ ಬೆರಳುಗಟ್ಟಲೆ ಇಳಿದಿರುತ್ತಿತ್ತು. ನೀನೂ ಹೀಗೆಯೇ ಒಬ್ಬನೇ ಕೂರಲು ಶುರುಮಾಡಿದ್ದೆಯಲ್ಲ. ಮಗನನ್ನು ಕುಡಿತ ಬಿಡಿಸುವ ಕಡೆ ಬಿಟ್ಟು ಬಂದಿದ್ದೇನೆ, ಇನ್ನು ಈ ವಯಸ್ಸಿನಲ್ಲಿ ಗಂಡನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಆಶ್ಚರ್ಯವೆಂದರೆ ಬಾಯಿಂದ ವಾಸನೆ ಬರುತ್ತಿರಲಿಲ್ಲ. ಏನೋ ಅಗಿದು ಬಂದಿದ್ದಾರೆ, ಕಳ್ಳ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಇನ್ನು ಕಪಾಟಿನ ಕಥೆ. ಹಲ್ಲಿನ ಡಾಕ್ಟರಿಗೆ ಗಾಜಿನ ಬಾಗಿಲಿನ ದೊಡ್ಡ ಕಪಾಟು ಮಾಡುತ್ತಿದ್ದರು. ಕೂಡಿಸಿದ್ದು ಉಜ್ಜಿದ್ದು ಎಲ್ಲಾ ಆಗಿ, ಹೋದ ವಾರ ಗುಬ್ಬಿ ಅರಗಿನ ಪಾಲಿಶ್ ಶುರುಮಾಡಿದಳು. ಮೊದಲ ಕೋಟು ಚೆನ್ನಾಗಿ ಬಂತು. ಮೊನ್ನೆ ಶುಕ್ರವಾರ ಎರಡನೆಯದಕ್ಕೆ ಪಾಲಿಶ್ ದಪ್ಪವಾಯಿತೆಂದು ಡಬ್ಬದಿಂದ ಸ್ಪಿರಿಟ್ ಬೆರೆಸಿ ಹಚ್ಚಿದಳು ನೋಡು, ನೋಡುತ್ತಿದ್ದಂತೆ ಬಾಗಿಲೆಲ್ಲ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ ಮಂಜು ಕಟ್ಟಿಕೊಂಡಿತು. ನಿಮ್ಮಪ್ಪ ಮೊದಲು ಮರವನ್ನು ಬೈದರು, ಆಮೇಲೆ ಹವೆಯನ್ನು, ಕೊನೆಗೆ "ಈಗಿನ ಹುಡುಗರಿಗೆ ಕೈ ನಿಲ್ಲಲ್ಲ" ಎಂದು ಗುಬ್ಬಿಯನ್ನು. ಅವಳು ಪಾಲಿಶ್ ಹಚ್ಚುವ ಬಟ್ಟೆಯ ಉಂಡೆ ಮೂಸಿದಳು. ಸ್ಪಿರಿಟ್ ಡಬ್ಬದ ಮುಚ್ಚಳ ತೆಗೆದು ಅದನ್ನೂ ಮೂಸಿದಳು. ಇನ್ನೊಂದು ಸಲ ಮೂಸಿದಳು. ಆಮೇಲೆ ತೀರಾ ಮರ್ಯಾದೆಯಿಂದ "ಮೇಸ್ತ್ರೀ, ಈ ಕಪಾಟು ಕುಡಿದಿದೆ" ಅಂದಳು.

ಉದ್ದಣ್ಣ ನಕ್ಕೂ ನಕ್ಕೂ ಹೊಟ್ಟಿನ ರಾಶಿಯ ಮೇಲೆ ಕುಸಿದುಬಿದ್ದ. ಸದ್ದು ಕೇಳಿ ನಾನು ಮೊಣಕಾಲನ್ನೂ ಮರೆತು ಇಳಿದು ಬಂದೆ. ನಿಮ್ಮಪ್ಪ ಕಿವಿಯವರೆಗೂ ಕೆಂಪಾಗಿ, ಕೈಯಲ್ಲಿದ್ದ ಅಳತೆಪಟ್ಟಿಯನ್ನು ಮಡಚುತ್ತಾ ಬಿಚ್ಚುತ್ತಾ ನಿಂತಿದ್ದರು. ಆಮೇಲೆ ಬಾಯಿಬಿಟ್ಟರು. ಕುಡಿಯುತ್ತಿರಲಿಲ್ಲವಂತೆ! ಪ್ರತಿ ಶನಿವಾರ ತಮ್ಮ ಪಾಲನ್ನು ಗ್ಲಾಸಿಗೆ ಹಾಕಿ, ಹಾಗೇ ಕೊಂಡುಹೋಗಿ ಸ್ಪಿರಿಟ್ ಡಬ್ಬಕ್ಕೆ ಸುರಿದು ಬರುತ್ತಿದ್ದರಂತೆ. ಎರಡೂ ಒಂದೇ ಜಾತಿಯದಲ್ಲವೇ, ಏನಾಗುತ್ತದೆ ಎಂದುಕೊಂಡರಂತೆ. ಕುಡಿಯುವ ಮದ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ, ನೀರು ಸೇರಿದರೆ ಅರಗು ಬೆಳ್ಳಗಾಗುತ್ತದೆ ಎನ್ನುವುದು ಪಾಲಿಶ್ ಹಿಡಿದ ಯಾರಿಗೂ ಗೊತ್ತು. ಆದರೆ ಈ ಮಹಾನುಭಾವರು "ಮರ ಕೊಯ್ಯೋನು ಬಡಗಿ, ಪಾಲಿಶ್ ಅನ್ನೋದು ಮುಖಕ್ಕೆ ಪೌಡರ್" ಎಂದು ನಲವತ್ತು ವರ್ಷ ಪಾಲಿಶ್ ಮೂಲೆಯ ಕಡೆ ಮೂಗು ಮುರಿದವರು, ಅವರಿಗೆ ಹೇಗೆ ಗೊತ್ತಾಗಬೇಕು? ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ.

"ಬೇಡದಿದ್ರೆ ಬಾಟಲಿ ಯಾಕೆ ಇಡ್ತಿದ್ರಿ?" ಎಂದು ಕೇಳಿದೆ. ಮೊದಲಿನಿಂದಲೂ ಅವರಿಗೆ ಅದು ಕುಡಿದರೆ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತಂತೆ, ಒಂದು ದಿನವೂ ಹಿಡಿಸಿರಲಿಲ್ಲವಂತೆ. "ಮೇಸ್ತ್ರಿ ಕೈಯಿಂದ ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತೇನೇ?" ಅಂದರು. ಗುಬ್ಬಿ ಕಪಾಟನ್ನು ಉಜ್ಜುತ್ತಲೇ "ಆಗುತ್ತೆ ಮೇಸ್ತ್ರೀ. ನಾನು ನಿಮಗೆ ಅಂದೆನಲ್ಲ, ನೀವು ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರಾ?" ಅಂದಳು. ಆಗ ನನಗೆ ತಡೆಯಲಾಗಲಿಲ್ಲ, ನೀನು ಯಾಕೆ ಗೋಡೌನಿಗೆ ಹೋಗುತ್ತಿದ್ದೀಯ ಎನ್ನುವುದನ್ನು ಎಲ್ಲರ ಎದುರಿಗೇ ಹೇಳಿಬಿಟ್ಟೆ. ಮರದ ಕೆಲಸ ಕೀಳೆಂದಲ್ಲ, ಈ ಮೇಜಿನ ಭಯಕ್ಕೆ ಎಂದೆ. ನಿಮ್ಮಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತರು. ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟು "ಅವನೂ ಮೊದಲ ದಿನ ಬೇಡಪ್ಪಾ ಅಂದಿದ್ದ" ಅಂದರು. ಅದರ ಮುಂದಿನದನ್ನೂ ಹೇಳಿದರು. ಅದನ್ನು ನಾನು ಬರೆಯುವುದಿಲ್ಲ, ಅದು ಅವರು ನಿನಗೆ ಹೇಳಬೇಕಾದ್ದು.

ನಿನ್ನೆ ಶನಿವಾರ ಮೇಜಿನ ಮೇಲೆ ಬಾಟಲಿ ಇರಲಿಲ್ಲ. ಪದ್ಧತಿ ಮಾತ್ರ ಬಿಡಲು ಅವರಿಗೆ ಮನಸ್ಸಿಲ್ಲ, ಚಿಕ್ಕವರಿಗೆ ಏನಾದರೂ ಮೊದಲು ಸಿಗಲೇಬೇಕಂತೆ. ಹಾಗಾಗಿ ರೇಡಿಯೋ ಗುಬ್ಬಿಯ ವಶಕ್ಕೆ ಹೋಯಿತು. ಅವಳು ಹಾಕುವುದು ಹಾಡೋ ಗರಗಸದ ಗಲಾಟೆಯೋ ನನಗೆ ತಿಳಿಯದು. ನಿಮ್ಮಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಅರ್ಧ ಗಂಟೆ ಕೂತಿದ್ದು, ನಾನು ಮಾಡಿದ ಆಪಲ್ ಕೇಕಿನಲ್ಲಿ ಮೂರು ತುಂಡು ತಿಂದರು. ಕಪಾಟಿನ ಒಂದು ಬಾಗಿಲು ಈಗ ಸರಿಹೋಗಿದೆ, ಇನ್ನೊಂದು ಇನ್ನೂ ಸ್ವಲ್ಪ ಅಮಲಿನಲ್ಲಿದೆ. ಗುಬ್ಬಿ ನಿನ್ನನ್ನು ಕಾಯುತ್ತಿದ್ದಾಳೆ, ನಿನ್ನ ಕೈಯ ಹಳೆಯ ಮೇಜೊಂದನ್ನು ದಿನಾ ಮುಟ್ಟಿ ಮುಟ್ಟಿ ನೋಡುತ್ತಾಳೆ. ಆದರೆ ಕಪಾಟಿಗಾಗಿ ಬಾ ಎಂದು ನಾನು ಕರೆಯುವುದಿಲ್ಲ ಮಗನೇ. ಗೋಡೌನೇ ನಿನಗೆ ಕ್ಷೇಮ ಅನ್ನಿಸಿದರೆ ಅಲ್ಲಿಗೇ ಹೋಗು, ಊಟದ ಡಬ್ಬಿ ನಾನು ಕಟ್ಟಿಕೊಡುತ್ತೇನೆ. ನೀನು ಹೆದರಿಕೊಂಡ ಆ ಮೇಜು ಈಗ ಹೇಗಿದೆ ಎನ್ನುವುದು ಗೊತ್ತಿಲ್ಲದೆ ನೀನು ತೀರ್ಮಾನ ಮಾಡಬಾರದು ಎಂದಷ್ಟೇ ನನ್ನ ಆಸೆ. ಮೊಣಕಾಲು ಈ ಭಾನುವಾರ ಕೈಕೊಟ್ಟಿದೆ, ಬರಲಾಗುತ್ತಿಲ್ಲ. ನಾಳೆ ಉದ್ದಣ್ಣನ ಕೈಯಲ್ಲಿ ಈ ಕಾಗದವನ್ನು ಅಂಚೆಗೆ ಹಾಕಿಸುತ್ತೇನೆ.

ನಿನ್ನ ಕೋಣೆಯ ಜೊತೆಗಾರರಿಗೆಲ್ಲ ನಾನು ಕೇಳಿದೆನೆಂದು ಹೇಳು. ನೂರು ವರ್ಷ ಸುಖವಾಗಿ ಬಾಳು, ಸೂಪ್ ಪೂರ್ತಿ ಕುಡಿ.

ಇಷ್ಟು ಬರೆದರೂ ಮಾತು ಮುಗಿಯದ,
ನಿನ್ನ ಅಮ್ಮ

ತಾ.ಕ.: ಅಂಚೆ ಬೇಡವಂತೆ! ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು "ಕೊಡು, ನಾನೇ ಹೋಗ್ತೀನಿ" ಎಂದು ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತೆಂದು ನನ್ನ ಪ್ರಾಣ ತಿನ್ನುತ್ತಿದ್ದಾರೆ. ನಿನಗೆ ಹೇಳಬೇಕಾದ್ದನ್ನು ಬೆಳಗಿನಿಂದ ಮರದ ಹಲಗೆಗಳ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದರು, ನಾನು ಕೇಳಿಸಿಕೊಂಡಿದ್ದೇನೆ. ನಿನ್ನ ಮುಂದೆ ಬಂದರೆ ಎಲ್ಲ ಮರೆಯುತ್ತಾರೆ. ಅದಕ್ಕೇ ಮೊದಲು ಈ ಕಾಗದ ಅವನ ಕೈಗೆ ಕೊಡಿ, ಅವನು ಓದಿ ಮುಗಿಸುವವರೆಗೆ ಬಾಯಿ ತೆರೆಯಬೇಡಿ ಎಂದು ಹೇಳಿ ಕಳಿಸುತ್ತಿದ್ದೇನೆ. ಈಗ ನಿನ್ನ ಎದುರಿಗೆ ನಿಂತು, ಎಷ್ಟು ಪುಟ ಉಳಿದಿದೆ ಎಂದು ಬಗ್ಗಿ ನೋಡುತ್ತಿರುತ್ತಾರೆ. ಓದಿದ್ದು ಸಾಕು ಮಗನೇ, ತಲೆ ಎತ್ತು.